ಟಾರ್‌ಗೆ ನೆರವು: ಸ್ನೋಫ್ಲೇಕ್ ಪ್ರಾಕ್ಸಿಯೋ, ಸ್ವಂತ ಬ್ರಿಡ್ಜೋ?

ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪಿನಿಂದ ಟಾರ್ ಜಾಲಕ್ಕೆ (ಗುರುತು ಮರೆಮಾಚಿ, ಸೆನ್ಸಾರ್ ದಾಟಿ ಇಂಟರ್ನೆಟ್ ಬಳಸಲು ನೆರವಾಗುವ ಜಾಲ) ನೆರವಾಗಬೇಕೆನ್ನುವವರಿಗೆ ನನ್ನ ಮತ ಸ್ನೋಫ್ಲೇಕ್‌ಗೆ. ಅದರಲ್ಲಿ ನಿಮ್ಮ ಬ್ರೌಸರೇ ಟಾರ್‌ಗೆ ತಡೆಯಿರುವ ಕಡೆಯ ಬಳಕೆದಾರರಿಗೆ ತಾತ್ಕಾಲಿಕ ಮಧ್ಯವರ್ತಿ, ಅಂದರೆ ಪ್ರಾಕ್ಸಿ. ಬ್ರೌಸರಿಗೆ ಎಕ್ಸ್‌ಟೆನ್ಷನ್ ಹಾಕಿದರೆ ಮುಗಿಯಿತು. ನಡುವೆ ಕರೆಂಟ್ ಹೋದರೂ ಅನಾಹುತವಿಲ್ಲ, ಬಳಕೆದಾರರಿಗೆ ಬೇರೆ ಪ್ರಾಕ್ಸಿ ಸಿಗುತ್ತದೆ. ಬ್ರಿಡ್ಜ್ ಎಂದರೆ ಸಾರ್ವಜನಿಕ ಪಟ್ಟಿಯಲ್ಲಿಲ್ಲದ ಟಾರ್ ಪ್ರವೇಶದ್ವಾರ. ಸಂಚಾರದ ಚಹರೆ ಮರೆಸುವ ಒಬಿಎಫ್‌ಎಸ್4 (obfs4) ಬಗೆಯ ಬ್ರಿಡ್ಜ್‌ಗಾದರೆ ಸಾರ್ವಜನಿಕ ಐಪಿ, ತೆರೆದ ಪೋರ್ಟ್, ಹಗಲಿರುಳು ಓಡುವ ಯಂತ್ರ ಬೇಕು. ಐಪಿ ಸೆನ್ಸಾರ್‌ನವರ ಕಣ್ಣಿಗೆ ಬಿದ್ದರೆ ಆ ದೇಶದ ಮಟ್ಟಿಗೆ ಅದರ ಕಥೆ ಮುಗಿದಂತೆಯೇ.

ಹೊರೆ ಹಂಚುವ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಬಿಡಿ ಬ್ರಿಡ್ಜ್‌ಗಳಲ್ಲಿ ಜನ ತಾವಾಗಿಯೇ ಹಂಚಿಹೋಗುತ್ತಾರೆ. ಸ್ನೋಫ್ಲೇಕ್‌ನ ಸಾವಿರಾರು ಪ್ರಾಕ್ಸಿಗಳು ಮಾತ್ರ ಬೆರಳೆಣಿಕೆಯ ಕೇಂದ್ರ ಬ್ರಿಡ್ಜ್‌ಗಳಿಗೇ ಬಂದು ಸೇರುತ್ತವೆ. ಟಾರ್ ಪ್ರೋಗ್ರಾಂ ಬಹುಮಟ್ಟಿಗೆ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಸಲಕ್ಕೆ ಪ್ರೊಸೆಸರಿನ ಒಂದೇ ಕೋರ್ ಬಳಸಿ, ನಡೆಯುವಂಥದ್ದು. ಸರ್ವರ್‌ನಲ್ಲಿ ಎಷ್ಟು ಕೋರ್ ಇದ್ದರೇನು, ಬೆವರುವುದು ಒಂದೇ. ಹಾಗಾಗಿ 2022ರಲ್ಲಿ ಒಂದೇ ಗುರುತಿನ ಕೀಲಿ ಹೊತ್ತ ಹಲವು ಟಾರ್‌ಗಳನ್ನು ಕೇಂದ್ರ ಬ್ರಿಡ್ಜ್‌ನಲ್ಲಿ ಎಚ್‌ಎಪ್ರಾಕ್ಸಿ (HAProxy) ಎಂಬ ಹೊರೆ ಹಂಚುವ ತಂತ್ರಾಂಶದ ಹಿಂದೆ ನಿಲ್ಲಿಸಿದರು. ಬಳಕೆದಾರರ ಟಾರ್ ಆ ಗುರುತನ್ನು ತಾಳೆ ನೋಡುವುದರಿಂದ ಕೀಲಿ ಬೇರೆಯಾಗುವಂತಿಲ್ಲ. ಕಾಲಕಾಲಕ್ಕೆ ತಾನಾಗಿ ಬದಲಾಗುವ ಆನಿಯನ್ ಕೀಲಿಯನ್ನೂ (ಸಂಪರ್ಕದ ಗೂಢಲಿಪಿಗೆ ಬಳಸುವಂಥದ್ದು) ಎಲ್ಲ ಟಾರ್‌ಗಳಲ್ಲೂ ಒಂದೇ ಇರುವಂತೆ ಕಟ್ಟಿಹಾಕಬೇಕಾಯಿತು (ಈ ಕಿತಾಪತಿ ನನಗೆ ಬಲು ಇಷ್ಟ). ಅದೇ ಸೆಪ್ಟೆಂಬರ್‌ನಲ್ಲಿ ಇರಾನ್‌ನಿಂದ ಬಳಕೆದಾರರು ನುಗ್ಗಿ ಬಂದರು.

ಈ ತಲೆನೋವು ಕೇಂದ್ರ ಬ್ರಿಡ್ಜ್ ನಡೆಸುವವರದು, ನಿಮ್ಮದಲ್ಲ. ತಿಂಗಳು ತಿಂಗಳು ಸರ್ವರ್ ಬಾಡಿಗೆ ಕಟ್ಟುವ ಮನಸ್ಸಿದ್ದರೆ ಮಾತ್ರ ಬ್ರಿಡ್ಜ್ ಇಡಿ.