ಸೆಕೆಂಡ್ ಹ್ಯಾಂಡ್ ಶೆವಿ 454 ಇಂಜಿನ್ ಹುಡುಕಾಟ: ನಾಲ್ಕು ನೋಡಿದೆ, ಪಿಕಪ್ ಟ್ರಕ್ಕಿನದ್ದು ತಂದೆ

ನನ್ನ ಹತ್ತಿರ 1974ರ ಕಾರ್ವೆಟ್ ಇದೆ, ಶೆವಿ ಅಂದರೆ ಶೆವ್ರೊಲೆ ಕಂಪನಿಯ ಸ್ಪೋರ್ಟ್ಸ್ ಕಾರು. ಕೊಂಡಾಗ ಬಾಡಿ, ಚಾಸಿ, ನಾಲ್ಕು ಗೇರಿನ ಮ್ಯಾನುಯಲ್ ಬಾಕ್ಸ್ ಎಲ್ಲಾ ಇತ್ತು, ಇಂಜಿನ್ ಒಂದು ಬಿಟ್ಟು. ಹಿಂದಿನ ಮಾಲೀಕ ಅದರ 350 ಇಂಜಿನ್ (ಈ ನಂಬರುಗಳೆಲ್ಲ ಇಂಜಿನ್ ಗಾತ್ರ, ಘನ ಇಂಚಿನಲ್ಲಿ) ಬಿಚ್ಚಿ ಮಾರಿಕೊಂಡಿದ್ದ, ಫ್ಲೈವೀಲ್ (ಇಂಜಿನ್ ಹಿಂದೆ ಕ್ಲಚ್ ಕೂರುವ ಭಾರದ ಚಕ್ರ) ಮಾತ್ರ ಸೀಟಿನ ಹಿಂದೆ ಬಿಟ್ಟಿದ್ದ. ಆ ಫ್ಲೈವೀಲ್ ಮುಂದೆ ನನಗೆ ಸರಿಯಾಗಿ ಪಾಠ ಕಲಿಸಿತು, ಅದನ್ನು ಆಮೇಲೆ ಹೇಳುತ್ತೇನೆ.

ಇನ್ನೊಂದು 350 ಹಾಕಿದ್ದರೆ ಅಗ್ಗದಲ್ಲಿ ಮುಗಿಯುತ್ತಿತ್ತು. ಆದರೆ ಕಾರ್ವೆಟ್‌ಗೆ ಬಿಗ್ ಬ್ಲಾಕ್, ಅಂದರೆ 454ರಂಥ ದೊಡ್ಡ ಇಂಜಿನ್, ಕೊಟ್ಟ ಕೊನೆಯ ವರ್ಷ 1974. ಆ ವರ್ಷ ಮಾಮೂಲಿ 350ಕ್ಕೆ (ಕಂಪನಿ ಕೋಡ್ ಎಲ್48) 195 ಕುದುರೆ ಬಲ, 454ಕ್ಕೆ 270. ಎರಡೂ ಒಂದೇ ಬೋನೆಟ್ ಅಡಿ ಕೂರುತ್ತಿದ್ದವು, ಹಾಗಾಗಿ ಬೋನೆಟ್ ಕತ್ತರಿಸುವ ತಲೆನೋವಿಲ್ಲ. ಮೂಲ ಇಂಜಿನ್ ಹೇಗೂ ಹೋಗಿದೆ, ಇಂಜಿನ್ ನಂಬರ್ ಕಾರಿನ ನಂಬರಿಗೆ ಹೊಂದಬೇಕು ಎಂಬ ಚಿಂತೆಯೂ ಇಲ್ಲ. ಇಷ್ಟಾದ ಮೇಲೆ ಸುಮ್ನೆ ಇರೋದು ಹೇಗೆ?

ಊರಲ್ಲಿರುವವರಿಗೆ ಅಳತೆ ಗೊತ್ತಾಗಲಿ ಅಂತ ಹೇಳ್ತೀನಿ: 454 ಘನ ಇಂಚು ಅಂದರೆ 7.4 ಲೀಟರ್. ಅಪ್ಪನ ಅಂಬಾಸಿಡರ್ 1489 ಸಿಸಿ ಇತ್ತು, ಅಂಥ ಐದು ಇಂಜಿನ್ ಇದರೊಳಗೆ ಹಿಡಿಸುತ್ತವೆ. ಇದರ ಒಂದೊಂದು ಸಿಲಿಂಡರ್ 930 ಸಿಸಿ. ಮಾರುತಿ 800ರ ಇಡೀ ಇಂಜಿನ್ 796.

ಮೊದಲು ನೋಡಿದ್ದು ಮಿರಮಿರ ಮಿಂಚುವ ಕಿತ್ತಳೆ ಬಣ್ಣದ್ದು. "ಎಲ್ಎಸ್6, ಈಗಷ್ಟೇ ರೀಬಿಲ್ಡ್ ಆಗಿದೆ, 4,500 ಡಾಲರ್" ಅಂದ ಮಾರುವವನು. ಎಲ್ಎಸ್6 ಅಂದರೆ 1970ರಲ್ಲಿ ಶೆವಿಯದ್ದೇ ಶೆವೆಲ್ ಕಾರಿನಲ್ಲಿ 450 ಕುದುರೆ ಬಲ ಕೊಟ್ಟ 454. ಆ ಹೆಸರು ಕೇಳಿದರೆ ಯಾರಿಗಾದರೂ ಜೇಬಿನ ಕಡೆ ಕೈ ಹೋಗುತ್ತದೆ. (ಅದೇ ಹೆಸರನ್ನು ಕಂಪನಿಯವರು 2001ರಲ್ಲಿ ಬೇರೊಂದು ಸಣ್ಣ ಇಂಜಿನ್ನಿಗೂ ಇಟ್ಟಿದ್ದಾರೆ, ಹುಡುಕುವಾಗ ತಲೆ ಕೆಡುತ್ತದೆ.) ನಾನು ಬಟ್ಟೆ ಹಿಡಿದು ಬ್ಲಾಕಿನ ಹಿಂಬದಿ, ಗೇರ್ ಬಾಕ್ಸ್ ಕೂರುವ ಅಂಚು ಒರೆಸಿದೆ. ಎರಕದ ನಂಬರ್ 361959. ಇದು 1973ರಿಂದೀಚೆಗಿನ ಬ್ಲಾಕ್, ಎಲ್ಎಸ್6 ಬಂದಿದ್ದು 1970 ಮತ್ತು 71ರಲ್ಲಿ. ಮುಂದೆ ಬಲಗಡೆ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಪಕ್ಕದಲ್ಲಿ ಪಂಚ್ ಮಾಡಿದ ಕೋಡ್ ಇರುವ ಜಾಗದಲ್ಲಿ ಗ್ರೈಂಡರ್ ಆಡಿಸಿದ ಗೀರುಗಳಿದ್ದವು. ಲೇತ್ ಕೆಲಸದ ಬಿಲ್ ಕೇಳಿದೆ, ಕಳೆದುಹೋಗಿದೆ ಅಂದ. ನಮಸ್ಕಾರ ಹೇಳಿ ಬಂದೆ. ಬಣ್ಣ ಹೊಡೆದ ಇಂಜಿನ್ ಕಂಡರೆ ನನಗೆ ಈಗ ಮೊದಲು ಅನುಮಾನವೇ ಬರೋದು. ಎಣ್ಣೆ ಮೆತ್ತಿಕೊಂಡ ಕೊಳಕು ಇಂಜಿನ್ ಕನಿಷ್ಠ ಎಲ್ಲಿ ಸೋರುತ್ತದೆ ಅಂತಾದರೂ ತೋರಿಸುತ್ತದೆ.

ಎರಡನೆಯದು ಬೋಟಿನದ್ದು, 600 ಡಾಲರ್. ಬೋಟಿನ ಇಂಜಿನ್‌ಗಳು ಒಳಗೆ ಗಟ್ಟಿ ಇರುತ್ತವೆ ಅನ್ನೋದು ನಿಜ, ಆದರೆ ಈ ಬೋಟು ಫ್ಲಾರಿಡಾದ ಉಪ್ಪುನೀರಲ್ಲಿ ಓಡಿದ್ದು. ಸಮುದ್ರದ ನೀರೇ ನೇರ ಬ್ಲಾಕಿನೊಳಗೆ ಹರಿದು ತಂಪು ಮಾಡುವ ವ್ಯವಸ್ಥೆ. ನೀರಿನ ಪಂಪ್ ಬಿಚ್ಚಿ ಬೆರಳು ಹಾಕಿದರೆ ತುಕ್ಕು ಹಪ್ಪಳದ ಹಾಗೆ ಚೂರಾಗಿ ಬಂತು. ಇನ್ನೊಂದು ವಿಷಯ, ಜೋಡಿ ಇಂಜಿನ್ ಇರುವ ಬೋಟುಗಳಲ್ಲಿ ಒಂದು ಉಲ್ಟಾ ತಿರುಗುವಂಥದ್ದು ಇರಬಹುದು. ಅದನ್ನು ಕಾರಿಗೆ ಹಾಕಿದರೆ ರಿವರ್ಸಿನಲ್ಲಿ ನಾಲ್ಕು ಗೇರ್ ಸಿಗುತ್ತವೆ ಅಷ್ಟೇ.

ಮೂರನೆಯವರು ಒಳ್ಳೆಯವರು. ಜಾಹೀರಾತಿನಲ್ಲಿ "427" ಅಂತ ಇತ್ತು, ನನಗೋ 60ರ ದಶಕದ ಕಾರ್ವೆಟ್ ಕಣ್ಣ ಮುಂದೆ ಬಂತು. ಹೋದರೆ ಅವರೇ ಹೇಳಿದರು, ಇದು ದೊಡ್ಡ ಲಾರಿಯದ್ದು, ಕಾರಿಗೆ ತಲೆನೋವು ಅಂತ. ಲಾರಿಯ 366 ಮತ್ತು 427 ಬ್ಲಾಕ್‌ಗಳ ಎತ್ತರ 10.2 ಇಂಚು, ಮಾಮೂಲಿಯದ್ದು 9.8. ಹೀಗಾಗಿ ಎರಡು ಹೆಡ್‌ಗಳ ನಡುವಿನ ಅಂತರ ಅಗಲವಾಗಿ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡ್ ಸುಮ್ನೆ ಕೂರುವುದಿಲ್ಲ, ಡಿಸ್ಟ್ರಿಬ್ಯೂಟರ್ ಉದ್ದ ಸಾಲದು. ಕಾಫಿ ಕುಡಿಸಿ ಕಳಿಸಿದರು.

1991ರ ನಂತರದ 454ಗಳನ್ನು ನಾನು ನೋಡಲೇ ಇಲ್ಲ. ಕೆಟ್ಟವೇನಲ್ಲ. ಆದರೆ ಅವುಗಳ ಹಿಂದಿನ ಸೀಲ್ ಬೇರೆ, ಹಾಗಾಗಿ ಫ್ಲೈವೀಲ್ ಬೇರೆ, 91ರಿಂದ ಬಂದ ಬ್ಲಾಕಿನಲ್ಲಿ ಹಳೇ ಥರದ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಕೂರಿಸಲು ಜಾಗವಿಲ್ಲ. ನನಗೆ 90ರವರೆಗಿನ, ಮಾರ್ಕ್ 4 ಅಂತ ಕರೆಯುವ ಹಳೇ ತಲೆಮಾರಿನ ಬ್ಲಾಕೇ ಬೇಕಿತ್ತು.

ಅದು ಸಿಕ್ಕಿದ್ದು ಇಲ್ಲೇ ಒಹಾಯೊದ ಒಂದು ಜಮೀನಿನಲ್ಲಿ. 1986ರ ಒಂದು ಟನ್ ಪಿಕಪ್, ಬಾಡಿ ಪೂರ್ತಿ ತುಕ್ಕು, ಇಂಜಿನ್ ಇಳಿಸಿ ಹಲಗೆಯ ಮೇಲೆ ಇಟ್ಟಿದ್ದರು. ಎರಕದ ನಂಬರ್ 14015445. 900 ಡಾಲರ್, ಕಾರ್ಬುರೇಟರಿಂದ ಹಿಡಿದು ಆಲ್ಟರ್ನೇಟರ್‌ವರೆಗೆ ಎಲ್ಲಾ ಸೇರಿ.

ನೋಡಲು ಹೋಗುವಾಗ ಬ್ಯಾಟರಿ, ಜಂಪರ್ ಕೇಬಲ್, ಕಂಪ್ರೆಷನ್ ಗೇಜ್, ಒಂದು ಉದ್ದ ಬಾರ್ ತಗೊಂಡು ಹೋಗಿ. ಶೆವಿಯಲ್ಲಿ ಸ್ಟಾರ್ಟರ್ ಬ್ಲಾಕಿಗೇ ಬಿಗಿದಿರುವುದರಿಂದ ಇಂಜಿನ್ ನೆಲದ ಮೇಲಿದ್ದರೂ ತಿರುಗಿಸಿ ಕಂಪ್ರೆಷನ್ ನೋಡಬಹುದು, ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಮೊದಲು ಬಾರ್ ಹಾಕಿ ಕೈಯಲ್ಲಿ ಎರಡು ಸುತ್ತು ತಿರುಗಿಸಿದೆ, ಎಲ್ಲೂ ಹಿಡಿಯಲಿಲ್ಲ. ಆಮೇಲೆ ಗೇಜ್ ಇಟ್ಟೆ. ಏಳು ಸಿಲಿಂಡರ್ 140ರಿಂದ 150 ಪಿಎಸ್ಐ ತೋರಿಸಿದವು, ಒಂದು ಮಾತ್ರ 125. ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೆ 145ಕ್ಕೆ ಏರಿತು. ಅಂದರೆ ವಾಲ್ವ್ ಅಲ್ಲ, ರಿಂಗ್ ಸವೆದಿದೆ. ಹೇಗೂ ಬೋರ್ ಮಾಡಿಸುವವನಿಗೆ (ಸಿಲಿಂಡರ್ ಕೊರೆದು ಅಗಲ ಮಾಡಿಸುವವನಿಗೆ) ಅದು ದೊಡ್ಡ ವಿಷಯವೇ ಅಲ್ಲ, ಆದರೆ ಬೆಲೆ ಇಳಿಸಲು ಒಳ್ಳೆಯ ಮಾತಾಯಿತು. ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಲು ಬಿಟ್ಟರು, ಪುಣ್ಯ. ಕ್ರ್ಯಾಂಕ್ ಹಿಡಿದಿಡುವ ಒಂದೊಂದು ಮೇನ್ ಬೇರಿಂಗ್ ಕ್ಯಾಪಿಗೆ ಎರಡೇ ಬೋಲ್ಟ್. ನಾಲ್ಕು ಬೋಲ್ಟಿನದ್ದೇ ಬೇಕು ಅಂತ ಹಟ ಹಿಡಿದು ಸಾವಿರ ಡಾಲರ್ ಜಾಸ್ತಿ ಕೊಡುವವರಿದ್ದಾರೆ. ರೇಸ್‌ಗೆ ಸರಿ, ಭಾನುವಾರ ಕೆರೆ ದಂಡೆವರೆಗೆ ಹೋಗಿಬರುವ ನನ್ನಂಥವನಿಗೆ ಯಾಕೆ? ಎರಡೋ ನಾಲ್ಕೋ ಅಂತ ಎರಕದ ನಂಬರ್ ನೋಡಿ ಹೇಳಿಬಿಡುವವರನ್ನು ನಂಬಬೇಡಿ. ಒಂದೇ ನಂಬರಿನಲ್ಲಿ ಎರಡೂ ಥರ ಬಂದಿವೆ, ಚೇಂಬರ್ ಬಿಚ್ಚಿದರೇ ಗೊತ್ತಾಗೋದು.

ತಂದ ಮೇಲೆ ಲೇತ್‌ನವರು ಬ್ಲಾಕ್ ತೊಳೆದು, ಬಿರುಕು ಇದೆಯಾ ಅಂತ ಮ್ಯಾಗ್ನೆಟ್ ಪರೀಕ್ಷೆ ಮಾಡಿ, ಸಿಲಿಂಡರ್ ಗೋಡೆಯ ದಪ್ಪ ಸೋನಿಕ್ ಉಪಕರಣದಲ್ಲಿ ಅಳೆದರು. 0.030 ಇಂಚು ಬೋರ್ ಮಾಡಿದ್ದಾರೆ, ಈಗ ಲೆಕ್ಕಕ್ಕೆ 460 ಘನ ಇಂಚು. ಕ್ರ್ಯಾಂಕ್ ಪಾಲಿಶ್, ಹೊಸ ಪಿಸ್ಟನ್, ಬೇರಿಂಗ್, ಕ್ಯಾಮ್, ಎಲ್ಲಾ ಸೇರಿ ಇಂಜಿನ್ ಬೆಲೆಯೊಂದಿಗೆ 5,200 ಡಾಲರ್ ಆಯಿತು. ಆ ಕಿತ್ತಳೆ ಇಂಜಿನ್ ತಂದಿದ್ದರೂ ಇದೇ ಕೆಲಸ ಮಾಡಿಸಬೇಕಿತ್ತು, 4,500ರ ಮೇಲೆ.

ಈಗ ಫ್ಲೈವೀಲ್ ಕಥೆ. 350ರ ಫ್ಲೈವೀಲ್ 454ರ ಕ್ರ್ಯಾಂಕಿಗೆ ಬೋಲ್ಟ್ ಟು ಬೋಲ್ಟ್ ಸರಿಯಾಗಿ ಕೂರುತ್ತದೆ. ಅಲ್ಲೇ ಮೋಸ ಹೋಗೋದು. ಆ ಕಾಲದ 350, ಹಾಗೇ 396, 427 ಇವೆಲ್ಲ ಒಳಗೇ ಬ್ಯಾಲೆನ್ಸ್ ಆದವು. 454ರದ್ದು ಹಾಗಲ್ಲ, ಬ್ಯಾಲೆನ್ಸಿನ ಒಂದು ಪಾಲು ಮುಂದಿನ ಡ್ಯಾಂಪರ್‌ನಲ್ಲಿ, ಇನ್ನೊಂದು ಪಾಲು ಹಿಂದಿನ ಫ್ಲೈವೀಲ್‌ನಲ್ಲಿ, ಹಾಗಾಗಿ 350ರ ಫ್ಲೈವೀಲ್ ಹಾಕಿದರೆ ಬ್ಯಾಲೆನ್ಸ್ ತಪ್ಪುತ್ತದೆ. ಕ್ಲಚ್ ಹಾಕಿಕೊಟ್ಟ ಅಂಗಡಿಯವರು ಸೀಟಿನ ಹಿಂದೆ ಬಿದ್ದಿದ್ದ ಹಳೇ ಫ್ಲೈವೀಲನ್ನೇ ಬಿಗಿದು ಕೊಟ್ಟರು, ನಾನೂ ಕೇಳಲಿಲ್ಲ. 1,500 ಆರ್‌ಪಿಎಂ ದಾಟುತ್ತಿದ್ದಂತೆ ಕನ್ನಡಿ ನಡುಗಿ ಹಿಂದೆ ಬರುವ ಗಾಡಿ ಎರಡೆರಡು ಕಾಣುತ್ತಿತ್ತು! ಮತ್ತೆ ಗೇರ್ ಬಾಕ್ಸ್ ಇಳಿಸಿ, 454ರದ್ದೇ ಫ್ಲೈವೀಲ್ ಹಾಕಿಸಿದೆ. ಎರಡನೇ ಸಲದ ಕೂಲಿಯನ್ನೂ ಪೂರ್ತಿ ತಗೊಂಡರು. ಹೊಟ್ಟೆ ಉರಿಯದೇ ಇರುತ್ತಾ?

ಟ್ರಕ್ಕಿನಿಂದ ಬಂದ ಇಂಜಿನ್ ಅಂದಮೇಲೆ ಇಂಥ ಸಣ್ಣಪುಟ್ಟದ್ದು ಇನ್ನೂ ಇವೆ. ಟ್ರಕ್ಕಿನ ನೀರಿನ ಪಂಪ್ ಉದ್ದದ್ದು, ಕಾರ್ವೆಟ್‌ಗೆ ಗಿಡ್ಡದ್ದು ಬೇಕು, ಅದರ ಜೊತೆ ಪುಲ್ಲಿ, ಬ್ರಾಕೆಟ್ ಎಲ್ಲಾ ಬದಲು. ಮುಂದೆ ಸುಮಾರು 70 ಕಿಲೋ ಭಾರ ಜಾಸ್ತಿಯಾಗಿ ಮೂಗು ತಗ್ಗಿತು, ಬಿಗ್ ಬ್ಲಾಕಿನ ಸ್ಪ್ರಿಂಗ್ ಹಾಕಿದೆ. ರೇಡಿಯೇಟರ್ ದೊಡ್ಡದು ಮಾಡಿದೆ, ಆದರೂ ಬೇಸಿಗೆಯಲ್ಲಿ ಸಿಗ್ನಲ್ಲಿನಲ್ಲಿ ನಿಂತರೆ ಕಣ್ಣು ಟೆಂಪರೇಚರ್ ಮುಳ್ಳಿನ ಮೇಲೇ. ಹೊಸ ಕ್ಯಾಮ್ ಚಪ್ಪಟೆ ಟ್ಯಾಪೆಟ್‌ನದ್ದು, ಮೊದಲ ಸಲ ಸ್ಟಾರ್ಟ್ ಮಾಡಿದ ತಕ್ಷಣ ಜಿಂಕ್ ಜಾಸ್ತಿ ಇರುವ ಆಯಿಲ್‌ನಲ್ಲಿ 20 ನಿಮಿಷ 2,000 ಆರ್‌ಪಿಎಂಗಿಂತ ಮೇಲೆ ಓಡಿಸಬೇಕು, ಐಡಲ್‌ಗೆ ಬಿಟ್ಟರೆ ಕ್ಯಾಮ್ ಸವೆದು ಹಾಳಾಗುತ್ತದೆ. ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಒಂದು ಡಬ್ಬಿ ಮೈಸೂರ್ ಪಾಕ್ ಕೊಟ್ಟಿದ್ದೆ.

ಮೈಲೇಜ್ ಲೀಟರಿಗೆ ನಾಲ್ಕು ಚಿಲ್ಲರೆ. ಅಪ್ಪ ಫೋನಿನಲ್ಲಿ ಕೇಳಿ, "ಲಾರಿನೇ ತಗೋಬಹುದಿತ್ತಲ್ಲೋ" ಅಂದರು. ಲಾರಿಯದ್ದೇ ಇಂಜಿನ್ ಅಂತ ನಾನು ಹೇಳಲಿಲ್ಲ.

ಟ್ರಕ್ಕಿನ 454ಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಹೆಡ್‌ಗಳಿಗಾಗಿ. 80ರ ದಶಕದ ಪಿಕಪ್‌ಗಳಲ್ಲಿ ಬರುವ ಹೆಡ್‌ಗಳ ಗಾಳಿ ದಾರಿ ಕಡಲೆಕಾಯಿಯಷ್ಟು, ಇಲ್ಲಿಯವರು ಕರೆಯುವುದೂ ಪೀನಟ್ ಪೋರ್ಟ್ ಅಂತಲೇ. ಏರಿನಲ್ಲಿ ಭಾರ ಎಳೆಯಲು ಬಲು ಚೆನ್ನ, 4,500 ಆರ್‌ಪಿಎಂ ದಾಟಿದರೆ ಉಸಿರು ಕಟ್ಟುತ್ತದೆ. ನಾನು 70ರ ದಶಕದ, 781 ಅಂತ ಕೊನೆಯಾಗುವ ನಂಬರಿನ ಹಳೇ ಜೋಡಿ ಹುಡುಕಿ ಹಾಕಿದೆ. ಬಿಚ್ಚಿದ ಪೀನಟ್ ಹೆಡ್ ಎರಡೂ ಗ್ಯಾರೇಜಿನಲ್ಲೇ ಇವೆ, ಬಿರುಕಿಲ್ಲ. ಕೊಲಂಬಸ್ ಕಡೆ ಯಾರಾದರೂ ಹಳೇ ಟ್ರಕ್ ರಿಪೇರಿ ಮಾಡುತ್ತಿದ್ದರೆ ಪುಕ್ಕಟೆ ತಗೊಂಡು ಹೋಗಿ, ಹೊರಲು ಇಬ್ಬರು ಬನ್ನಿ.