ರಬ್ಬರ್ ಹಂಪ್: ಗೇಟಿನ ಮುಂದೆ ಸರಿ, ಮುಖ್ಯ ರಸ್ತೆಗೆ ಬೇಡ

ಹಳದಿ-ಕಪ್ಪು ಪಟ್ಟೆಯ ರಬ್ಬರ್ ಹಂಪಿಗೆ ಡಾಂಬರು ಕಾಯಿಸುವ, ರೋಲರ್ ತರಿಸುವ ಗೋಜಿಲ್ಲ. ಡ್ರಿಲ್ ಮತ್ತು ಸ್ಪ್ಯಾನರ್ ಇದ್ದರೆ ಇಬ್ಬರು ಕೆಲವೇ ಗಂಟೆಗಳಲ್ಲಿ ಕೂರಿಸಬಹುದು. ವಸ್ತು ಒಳ್ಳೆಯದೇ, ಹಾಕುವ ಜಾಗವೇ ಹೆಚ್ಚಾಗಿ ತಪ್ಪುವುದು.

ಸಾಮಾನ್ಯವಾಗಿ ಸಿಗುವ ತುಂಡು 500 ಮಿ.ಮೀ. ಉದ್ದ, 350 ಮಿ.ಮೀ. ಅಗಲ, 50 ಮಿ.ಮೀ. ಎತ್ತರ ಇರುತ್ತದೆ. ಮೂರೂವರೆ ಮೀಟರ್ ಉದ್ದದ ಹಂಪಿಗೆ ಇಂಥ ಆರು ತುಂಡು, ಜೊತೆಗೆ 250 ಮಿ.ಮೀ.ನ ಎರಡು ಅಂಚಿನ ತುಂಡು ಬೇಕು.

ತೊಂದರೆ ಇರುವುದು ಚಕ್ರ ದಾಟಿಹೋಗುವ ಆ 350 ಮಿ.ಮೀ. ಅಗಲದಲ್ಲಿ. ನಿಧಾನವಾಗಿ ಬಂದ ಕಾರು ಪೂರ್ತಿ ಏರಿ ಇಳಿಯುತ್ತದೆ. ವೇಗವಾಗಿ ಬಂದ ಕಾರಿನಲ್ಲಿ ಪೆಟ್ಟನ್ನು ಟೈರು ಮತ್ತು ಸಸ್ಪೆನ್ಷನ್ ನುಂಗಿಬಿಡುತ್ತವೆ, ಒಳಗೆ ಕೂತವರಿಗೆ ಕುಲುಕಾಟ ಕಡಿಮೆ. ಯಾರನ್ನು ತಡೆಯಬೇಕೋ ಅವರೇ ಆರಾಮಾಗಿ ದಾಟುತ್ತಾರೆ. ಅದೇ ವೇಗದ ದ್ವಿಚಕ್ರ ಸವಾರ ಮಾತ್ರ ಆಯ ತಪ್ಪುತ್ತಾನೆ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ರೂಪುಗೊಂಡ ವಾಟ್ಸ್ ಎಂಬ ರಸ್ತೆ ಉಬ್ಬನ್ನು 3.7 ಮೀಟರ್ ಅಗಲ ಮಾಡಿದ್ದು ಈ ಕಾರಣಕ್ಕೇ: ಅದರ ಮೇಲೆ ವೇಗ ಹೆಚ್ಚಿದಷ್ಟೂ ಕುಲುಕಾಟ ಹೆಚ್ಚುತ್ತದೆ. ಆದ್ದರಿಂದ ಕಿರಿದಾದ ರಬ್ಬರ್ ಹಂಪ್ ಪಾರ್ಕಿಂಗ್ ಜಾಗಕ್ಕೆ, ಶಾಲೆಯ ಆವರಣದೊಳಗೆ, ಗೇಟಿನ ಮುಂದೆ ಸರಿ. ಬಸ್ಸು, ಆಂಬುಲೆನ್ಸ್ ಓಡುವ ರಸ್ತೆಗೆ ಖಂಡಿತ ಬೇಡ.

ಕೊಳ್ಳುವಾಗ ಹಳದಿ ಭಾಗವನ್ನು ಉಗುರಿನಿಂದ ಕೆರೆದು ನೋಡಿ. ಬರೀ ಬಣ್ಣ ಬಳಿದದ್ದಾದರೆ ಚಕ್ರಗಳ ಉಜ್ಜಿಗೆ ಬೇಗ ಮಾಸಿ, ರಾತ್ರಿ ಹಂಪೇ ಕಾಣುವುದಿಲ್ಲ. ಹಳದಿ ರಬ್ಬರನ್ನೇ ಅಚ್ಚಿನಲ್ಲಿ ಕೂಡಿಸಿದ್ದು, ಬೆಳಕು ಬಿದ್ದರೆ ಹೊಳೆಯುವ ತುಣುಕುಗಳೂ ಇರುವುದು ಮೇಲು. ಮೇಲ್ಮೈಯಲ್ಲಿ ಗೀರುಗಳಿರಲೇಬೇಕು, ನುಣುಪಾದ ರಬ್ಬರ್ ಮಳೆಯಲ್ಲಿ ಜಾರುತ್ತದೆ.

ಕೂರಿಸುವ ಮುನ್ನ ರಸ್ತೆ ಗುಡಿಸಿ ಒಣಗಿಸಿ, ದಾರಿಗೆ ನೇರ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆಯಿರಿ. ಓರೆಯಾದರೆ ಬೈಕಿನ ಚಕ್ರ ಪಕ್ಕಕ್ಕೆ ಎಳೆಯುತ್ತದೆ. ಬೋಲ್ಟಿಗಿಂತ ತುಸು ಆಳವಾಗಿ ತೂತು ಕೊರೆದು ಒಳಗಿನ ಪುಡಿಯನ್ನೆಲ್ಲ ಊದಿ ತೆಗೆಯಿರಿ. ಪುಡಿ ಉಳಿದರೆ ಬೋಲ್ಟ್ ಹಿಡಿಯುವುದಿಲ್ಲ. ಕಾಂಕ್ರೀಟಿಗೆ ಒಳಗೆ ಅರಳಿ ಹಿಡಿಯುವ ಆ್ಯಂಕರ್ ಬೋಲ್ಟ್ ಸಾಕು. ಡಾಂಬರು ಬಿಸಿಲಿಗೆ ಮೆತ್ತಗಾಗುವುದರಿಂದ ಅಲ್ಲಿ ಅದೇ ಬೋಲ್ಟ್ ಸಡಿಲವಾಗುತ್ತದೆ. ಉದ್ದನೆಯ ಬೋಲ್ಟನ್ನು ರಾಸಾಯನಿಕ ಅಂಟು ತುಂಬಿ ಕೂರಿಸಬೇಕು. ಬೋಲ್ಟಿನ ತಲೆ ರಬ್ಬರಿಗಿಂತ ಒಳಗೇ ಇರಲಿ.

ಅಂಚಿನಲ್ಲಿ ನೀರು ಹರಿಯಲು ಸ್ವಲ್ಪ ಜಾಗ ಬಿಡಬೇಕು. ಆ ಸಂದಿಯಲ್ಲೇ ಬೈಕುಗಳು ನುಗ್ಗುತ್ತವೆ, ಅಲ್ಲಿ ನಡೆಯುವವರಿಗೆ ಅಪಾಯ. ಒಂದು ಬಾಗುವ ಕಂಬ ನೆಟ್ಟರೆ ತಡೆಯಬಹುದು. ಎಚ್ಚರಿಕೆ ಫಲಕ ಸುಮಾರು 40 ಮೀಟರ್ ಮೊದಲೇ ಇರಲಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಆ ದೂರ ಮೂರು ಸೆಕೆಂಡಿನೊಳಗೆ ಮುಗಿಯುತ್ತದೆ.

ಹಾಕಿದ ಒಂದು ವಾರಕ್ಕೆ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿಮಾಡಿ, ಆಮೇಲೆ ತಿಂಗಳಿಗೊಮ್ಮೆ ನೋಡಿ. ನಡುವೆ ಒಂದು ತುಂಡು ಕಿತ್ತುಹೋದರೆ ಹೊಸದು ಬರುವವರೆಗೆ ಹಾಗೇ ಬಿಡಬೇಡಿ: ಉಳಿದ ಬೋಲ್ಟ್ ಟೈರು ಸೀಳುತ್ತದೆ, ಆ ಸಂದಿಯತ್ತ ವಾಹನಗಳು ತಿರುಗಿ ಒಂದಕ್ಕೊಂದು ಅಡ್ಡ ಬರುತ್ತವೆ. ಅಂದೇ ಪೂರ್ತಿ ಹಂಪನ್ನು ತೆಗೆದು, ನಿಂತ ಬೋಲ್ಟುಗಳನ್ನು ನೆಲಮಟ್ಟಕ್ಕೆ ಕತ್ತರಿಸಿ.