ಲಾಗ್ ಸರ್ವರ್‌ಗೆ ಪೂಜೆ ಆಗಿತ್ತು, ಒಳಗೆ ಲಾಗ್ ಇರಲಿಲ್ಲ

ನಾನು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು. ರಾಜಾಜಿನಗರದಲ್ಲಿ ಹೆಡ್ಡಾಫೀಸು, ಪೀಣ್ಯ ಮತ್ತು ಬೊಮ್ಮಸಂದ್ರದಲ್ಲಿ ಒಂದೊಂದು ಯೂನಿಟ್, ಹೊಸಕೋಟೆ ಹತ್ತಿರ ಗೋಡೌನ್. ನಾಲ್ಕು ಫೈರ್‌ವಾಲ್ (ಹೊರಗಿನವರನ್ನು ತಡೆಯುವ ಕಾವಲು ಪೆಟ್ಟಿಗೆ), ಇಪ್ಪತ್ತು ಚಿಲ್ಲರೆ ಸ್ವಿಚ್ (ಕಂಪ್ಯೂಟರ್‌ಗಳನ್ನು ಬೆಸೆಯುವ ಪೆಟ್ಟಿಗೆ), ಇಷ್ಟಕ್ಕೂ ನಾನು ಮತ್ತು ಒಬ್ಬ ಹುಡುಗ. ನಿಮ್ಮದೂ ಇಂಥದ್ದೇ ಸಂಸಾರವಾಗಿದ್ದರೆ ಮುಂದೆ ಓದಿ. ದೊಡ್ಡ ಕಂಪನಿಗಳವರಿಗೆ ಇದರಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ.

ಆಯುಧಪೂಜೆ ರಜೆ ಮುಗಿಸಿ ಬಂದ ಬೆಳಿಗ್ಗೆ ಬೊಮ್ಮಸಂದ್ರದ ಫೈಲ್ ಸರ್ವರ್‌ನಲ್ಲಿ ಒಂದು ಫೈಲೂ ತೆರೆಯಲಿಲ್ಲ. ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ. ಬ್ಯಾಕಪ್ ಇತ್ತು, ಯಾರ ಪುಣ್ಯವೋ. ಆ ಕಥೆ ಇಲ್ಲಿ ಬೇಡ. ಅವತ್ತು ಮಧ್ಯಾಹ್ನದಿಂದ ಎಲ್ಲರೂ ಕೇಳಲು ಶುರುಮಾಡಿದ್ದು ಬೇರೆಯದನ್ನು: ಎಲ್ಲಿಂದ ನುಗ್ಗಿದರು, ಎಂದಿನಿಂದ ಒಳಗಿದ್ದರು, ಉಳಿದ ಮೂರು ಕಡೆ ಕಾಲಿಟ್ಟಿದ್ದಾರೋ ಇಲ್ಲವೋ?

“ನಮ್ಮ ಹತ್ರ ಲಾಗ್ ಸರ್ವರ್ ಇದೆಯಲ್ಲಪ್ಪ, ಅದರಲ್ಲಿ ನೋಡು” ಅಂದರು ಯಜಮಾನರು. ಇತ್ತು, ಏನೇನು ನಡೆಯಿತು ಎಂದು ಉಪಕರಣಗಳು ಬರೆದು ಕಳಿಸುವ ಸಾಲುಗಳನ್ನು, ಅಂದರೆ ಲಾಗ್‌ಗಳನ್ನು, ಕೂಡಿಡುವ ಯಂತ್ರ. ರಜೆಗೆ ಮುಂಚಿನ ಸಂಜೆ ಅದಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಬಾಗಿಲಲ್ಲಿ ಕುಂಬಳಕಾಯಿ ಒಡೆದು ಕಡಲೆಪುರಿ ಹಂಚಿದ್ದೆವು. ಹಾರ ಇನ್ನೂ ಬಾಡಿರಲಿಲ್ಲ. ಲಾಗಿನ್ ಆಗಿ ನೋಡಿದರೆ ಒಳಗಿದ್ದದ್ದು ಕೇವಲ ಮೂರು ದಿನದ ಲಾಗ್.

ಮೂರು ವರ್ಷದ ಹಿಂದೆ ಒಬ್ಬ ವೆಂಡರ್ ಅರ್ಧ ದಿನದಲ್ಲಿ ಹಾಕಿಕೊಟ್ಟು ಹೋದ ವ್ಯವಸ್ಥೆ ಇದು. ಎಲ್ಲ ಫೈರ್‌ವಾಲ್, ಸ್ವಿಚ್‌ಗಳಲ್ಲೂ ಹೆಡ್ಡಾಫೀಸಿನ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಬರೆದು, ಯುಡಿಪಿ ಎಂಬ ಸರಳ ಸಾಗಣೆ ವಿಧಾನದ 514ನೇ ಪೋರ್ಟಿನಲ್ಲಿ ಸಿಸ್‌ಲಾಗ್ (ಲಾಗ್ ಸಾಲು ಕಳಿಸುವ ಹಳೆಯ ಪದ್ಧತಿ) ಕಳಿಸುವಂತೆ ಮಾಡಿದ. ಪರದೆಯ ಮೇಲೆ ಸಾಲುಗಳು ಸರಸರ ಇಳಿಯುವುದನ್ನು ತೋರಿಸಿದ. ನಾನು ಸಹಿ ಹಾಕಿದೆ. ಅವನನ್ನೊಬ್ಬನನ್ನೇ ಬೈಯುವ ಮುಖ ನನಗಿಲ್ಲ.

ಸಿಸ್‌ಲಾಗ್ ಹುಟ್ಟಿದ್ದು 1980ರ ದಶಕದಲ್ಲಿ, ಎರಿಕ್ ಆಲ್‌ಮನ್ ಬರೆದ ಸೆಂಡ್‌ಮೇಲ್ ಎಂಬ ಮೇಲ್ ತಂತ್ರಾಂಶದ ಜೊತೆಗೆ. ಒಂದೇ ಮನೆಯ ಯಂತ್ರಗಳು ಪರಸ್ಪರ ನಂಬಿಕೊಂಡಿದ್ದ ಕಾಲ ಅದು. ಯುಡಿಪಿಯಲ್ಲಿ ಹೋಗುವ ಸಿಸ್‌ಲಾಗ್ ನಮ್ಮ ಹಳೆಯ ಬಸ್ ಕಂಡಕ್ಟರ್ ಇದ್ದಂತೆ: ಸೀಟಿ ಊದಿ “ರೈಟ್ ರೈಟ್” ಅಂದರೆ ಮುಗಿಯಿತು, ಹಿಂದಿನ ಬಾಗಿಲಲ್ಲಿ ಕೊನೆಯವನು ಹತ್ತಿದನೋ ಬಿದ್ದನೋ ನೋಡುವುದಿಲ್ಲ. ತಲುಪಿತು ಎಂಬ ಉತ್ತರ ಬರುವುದಿಲ್ಲ. ಕಳಿಸಿದವನು ನಿಜವಾಗಿ ಅವನೇನಾ ಎಂಬ ತಪಾಸಣೆ ಇಲ್ಲ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಒಂದೇ ಕಟ್ಟಡದೊಳಗೆ ಇದನ್ನು ಹೇಗೋ ಸಹಿಸಿಕೊಳ್ಳಬಹುದು. ನಾವು ಇದನ್ನು ಯಾವ ರಕ್ಷಣೆಯೂ ಇಲ್ಲದೆ ಇಂಟರ್‌ನೆಟ್ ಮೇಲೆ ಹೊಸಕೋಟೆಯಿಂದ ರಾಜಾಜಿನಗರಕ್ಕೆ ಓಡಿಸುತ್ತಿದ್ದೆವು.

ಮೊದಲು ವೆಂಡರ್ ನಮ್ಮ ಮೂರು ಐಪಿಗಳಿಗೆ ಮಾತ್ರ ಬಾಗಿಲು ತೆರೆದಿದ್ದ, ಅಷ್ಟು ಬುದ್ಧಿ ಇತ್ತು. ಆಮೇಲೆ ಹೊಸಕೋಟೆ ರಸ್ತೆ ಅಗೆದಾಗೆಲ್ಲ ಫೈಬರ್ ತುಂಡಾಗಿ, ಲೈನು 4ಜಿ ಡಾಂಗಲ್‌ಗೆ ಹೊರಳಿ, ಐಪಿ ಬದಲಾಗಿ ಲಾಗ್ ನಿಲ್ಲುತ್ತಿತ್ತು. ಫೋನ್ ಮಾಡಿದರೆ, “ಸಾರ್, ಸೋರ್ಸ್‌ನಲ್ಲಿ ಎನಿ ಕೊಟ್ಬಿಡಿ, ತಲೆನೋವೇ ಇರಲ್ಲ” ಅಂದ. ಕೊಟ್ಟೆ. ಅಂದಿನಿಂದ ಲೋಕದಲ್ಲಿ ಯಾರು ಬೇಕಾದರೂ ನಮ್ಮ ಲಾಗ್ ಸರ್ವರ್‌ಗೆ ಏನು ಬೇಕಾದರೂ ಸುರಿಯಬಹುದಾಗಿತ್ತು. ರಜೆಯಲ್ಲಿ ಯಾರೋ ಸುರಿದರು. ಸೆಕೆಂಡಿಗೆ 3,000ಕ್ಕೂ ಹೆಚ್ಚು ಅರ್ಥವಿಲ್ಲದ ಸಾಲುಗಳು, ರಾತ್ರಿ ಹಗಲು. ಬೇಕೆಂದೇ ಸುರಿದರೋ, ಇಂಟರ್‌ನೆಟ್‌ನಲ್ಲಿ ಅಲೆಯುವ ಕಸವೋ, ಹೇಳಲು ಬೇಕಾದ ಲಾಗ್ ನಮ್ಮಲ್ಲಿಲ್ಲ.

ಈಗ ಲೆಕ್ಕ ಹಾಕಿ ನೋಡಿ. ನಮ್ಮದು ಸಾಮಾನ್ಯ ದಿನ ಸೆಕೆಂಡಿಗೆ ಸರಾಸರಿ 200 ಸಾಲು, ಸಾಲಿಗೆ 300 ಬೈಟ್. ದಿನಕ್ಕೆ ಸುಮಾರು 5.2 ಜಿಬಿ, 180 ದಿನಕ್ಕೆ 930 ಜಿಬಿ ದಾಟುತ್ತದೆ. ಜಿಪ್ ಮಾಡಿಟ್ಟರೆ ಬಹಳ ಇಳಿಯುತ್ತದೆ, ಅದನ್ನೂ ಮಾಡಿರಲಿಲ್ಲ. ವೆಂಡರ್ ಕೊಟ್ಟ ಡಿಸ್ಕ್ 250 ಜಿಬಿ. ಸೆಟ್ಟಿಂಗ್ಸ್ ಪುಟದಲ್ಲಿ 180 ದಿನ ಎಂದು ಚೆನ್ನಾಗಿ ಬರೆದಿತ್ತು, ಅದರ ಕೆಳಗೇ “ಜಾಗ ಸಾಲದಿದ್ದರೆ ಹಳೆಯದನ್ನು ಅಳಿಸು” ಎಂಬ ಟಿಕ್ಕೂ ಇತ್ತು. ಅಂದರೆ ಕಸ ಬೀಳದ ಒಳ್ಳೆಯ ಕಾಲದಲ್ಲೂ ನಮ್ಮ ಹತ್ತಿರ ಇದ್ದದ್ದು 48 ದಿನದ್ದು. ಬೊಮ್ಮಸಂದ್ರದ ಸರ್ವರ್‌ನಲ್ಲಿ ಕಳ್ಳರು ಬಿಟ್ಟುಹೋದ ಒಂದು ಫೈಲಿನ ದಿನಾಂಕ ಐದು ವಾರ ಹಿಂದಿನದು. ಆ 48 ದಿನವಾದರೂ ಉಳಿದಿದ್ದರೆ ಅವರು ಬಂದ ಬಾಗಿಲು ಕಾಣುತ್ತಿತ್ತು.

180 ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. 2022ರ ಏಪ್ರಿಲ್ 28ರಂದು ಸರ್ಟ್-ಇನ್ (ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಗಡಿಯಾರಗಳನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ (ಸರಿಯಾದ ಸಮಯ ಹೇಳುವ) ಸರ್ವರ್‌ಗೆ ಹೊಂದಿಸಿಕೊಂಡಿರಬೇಕು. ಆರು ಗಂಟೆಯೊಳಗೆ ಮೇಲ್ ಕಳಿಸಿದೆವು. ಅದರಲ್ಲಿ ತುಂಬಿಸಲು ವಿಷಯವೇ ಇರಲಿಲ್ಲ.

ಗಡಿಯಾರದ ವಿಷಯ ಬಂತಲ್ಲ, ನನಗೆ ಇವತ್ತಿಗೂ ನಾಚಿಕೆಯಾಗುವುದು ಅದಕ್ಕೆ. ಉಳಿದಿದ್ದ ಮೂರು ದಿನದ ಲಾಗ್‌ನಲ್ಲಿ ಪೀಣ್ಯದ ವಿಪಿಎನ್‌ನಿಂದ (ಹೊರಗಿನಿಂದ ಕಂಪನಿಯ ನೆಟ್‌ವರ್ಕ್‌ಗೆ ಬರುವ ದಾರಿ) ಒಂದು ಲಾಗಿನ್ ಕಂಡಿತು, ಸಮಯ 20:10. ಆ ದಿನ ಮೆಂಟೇನೆನ್ಸ್‌ಗೆಂದು ಬಂದು ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವರು ಒಬ್ಬರೇ, ಹದಿನೈದು ವರ್ಷದಿಂದ ಇರುವ ಆಪರೇಟರ್. ಅವರನ್ನು ಕರೆಸಿ, ಎಚ್‌ಆರ್ ಎದುರು ಕೂರಿಸಿ ಕೇಳಿದೆವು. “ಸಾರ್, ನಾನು ಏಳೂವರೆಗೇ ಪಂಚ್ ಮಾಡಿ ಹೋಗಿದೀನಿ, ಹಬ್ಬದ ದಿನ ಮನೇಲಿ ಕಾಯ್ತಿದ್ರು” ಅಂದರು. ಬಯೋಮೆಟ್ರಿಕ್ ತೆಗೆದು ನೋಡಿದರೆ ಹೌದು, 7:30. ಆಗ ಪೀಣ್ಯದ ಫೈರ್‌ವಾಲ್ ತೆರೆದು ಗಡಿಯಾರ ನೋಡಿದೆ. ಅದು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಓಡುತ್ತಿತ್ತು. ನಮ್ಮ ಸಮಯಕ್ಕೂ ಅದಕ್ಕೂ ಐದೂವರೆ ಗಂಟೆ ಅಂತರ. ಲಾಗಿನ್ ಆದದ್ದು ನಡುರಾತ್ರಿ ಕಳೆದು 1:40ಕ್ಕೆ. ಆ ಮನುಷ್ಯನ ಹತ್ತಿರ ಹೋಗಿ ಕ್ಷಮೆ ಕೇಳಿದೆ. “ಪರವಾಗಿಲ್ಲ ಬಿಡಿ ಸಾರ್” ಅಂದರು, ಮುಖ ನೋಡಲಿಲ್ಲ.

ಹಳೆಯ ಸಿಸ್‌ಲಾಗ್ ಸಾಲಿನಲ್ಲಿ, ಅಂದರೆ 2001ರ ಆರ್‌ಎಫ್‌ಸಿ 3164 ಎಂಬ ಇಂಟರ್‌ನೆಟ್ ದಾಖಲೆಯಲ್ಲಿ ಬರೆದಿಟ್ಟ ರೂಪದಲ್ಲಿ, ಟೈಮ್‌ಝೋನ್ ಇರುವುದಿಲ್ಲ. ವರ್ಷವೂ ಇರುವುದಿಲ್ಲ! ತಿಂಗಳು, ತಾರೀಖು, ಗಂಟೆ, ಅಷ್ಟೇ. ಬೊಮ್ಮಸಂದ್ರದ ಒಂದು ಹಳೆಯ ಸ್ವಿಚ್ ಕರೆಂಟ್ ಹೋಗಿ ಬಂದಾಗಲೆಲ್ಲ 1993ರ ಮಾರ್ಚ್ 1ರಿಂದ ಎಣಿಕೆ ಶುರುಮಾಡುವ ಜಾತಿಯದು. ವರ್ಷ ಇಲ್ಲದ್ದರಿಂದ ಅದರ ಸಾಲುಗಳು ಬರೀ ಮಾರ್ಚ್ 1 ಎಂದು ಬಂದು ಹಳೆಯ ಮಾರ್ಚ್ ತಿಂಗಳ ಕಡತದಲ್ಲಿ ಸೇರಿಕೊಂಡು, ಹಳೆಯದೆಂದು ಮೊದಲು ಅಳಿಸಿಹೋಗುತ್ತಿದ್ದವು. 2009ರ ಆರ್‌ಎಫ್‌ಸಿ 5424ರ ರೂಪದಲ್ಲಿ ವರ್ಷವೂ ಯುಟಿಸಿಯಿಂದ ಎಷ್ಟು ಅಂತರ ಎಂಬುದೂ ಇರುತ್ತವೆ. ನಿಮ್ಮ ಉಪಕರಣದಲ್ಲಿ ಆ ಆಯ್ಕೆ ಇದ್ದರೆ ಇವತ್ತೇ ಬದಲಿಸಿ.

ಹೊಸಕೋಟೆಯದು ಇನ್ನೂ ಚೆಂದ. ಎರಡು ತಿಂಗಳಿಂದ ಅಲ್ಲಿಂದ ಒಂದು ಸಾಲೂ ಬಂದಿರಲಿಲ್ಲ. ಫೈರ್‌ವಾಲ್ ಸುಟ್ಟುಹೋಗಿ ಹೊಸದು ಹಾಕಿದಾಗ ಲಾಗ್ ಕಳಿಸುವ ಸೆಟ್ಟಿಂಗ್ ಹಾಕಲು ನಮ್ಮ ಹುಡುಗ ಮರೆತಿದ್ದ. ನಾನು ಡ್ಯಾಶ್‌ಬೋರ್ಡ್‌ನಲ್ಲಿ ಹೊಸಕೋಟೆ ಎದುರು ಸೊನ್ನೆ ನೋಡಿ “ಗೋಡೌನ್ ತಾನೆ, ಗಲಾಟೆ ಇಲ್ಲ” ಎಂದುಕೊಂಡಿದ್ದೆ.

ಕಸದ ನಡುವೆ ಹುಡುಕುವಾಗ ಸಿಕ್ಕ ಇನ್ನೊಂದು ಸಂಗತಿ: ವಿಫಲ ಲಾಗಿನ್‌ಗಳ ಸಾಲಿನಲ್ಲಿ ಯೂಸರ್‌ನೇಮ್ ಜಾಗದಲ್ಲಿ ನನ್ನದೇ ಪಾಸ್‌ವರ್ಡ್. ಅವಸರದಲ್ಲಿ ಯೂಸರ್‌ನೇಮ್ ಕೇಳಿದಾಗ ಪಾಸ್‌ವರ್ಡ್ ಟೈಪ್ ಮಾಡಿಬಿಟ್ಟಿದ್ದೆ, ಎಲ್ಲರೂ ಒಮ್ಮೆಯಾದರೂ ಮಾಡುವ ಕೆಲಸ. ಅದು ಹಾಗೇ ತೆರೆದ ಅಕ್ಷರದಲ್ಲಿ ಇಂಟರ್‌ನೆಟ್ ಮೇಲೆ ಹೋಗಿ ಸರ್ವರ್‌ನಲ್ಲಿ ಕೂತಿತ್ತು. ಆ ಸರ್ವರ್‌ನ ಪಾಸ್‌ವರ್ಡ್ ಐದು ಜನರಿಗೆ ಗೊತ್ತಿತ್ತು.

ಯಾವ ಯೂನಿಟ್ ಶುದ್ಧ, ಯಾವುದು ಅಲ್ಲ ಎಂದು ಹೇಳಲಾಗದೆ ನಾಲ್ಕೂ ಕಡೆಯ ಎಲ್ಲ ಕಂಪ್ಯೂಟರ್‌ಗಳನ್ನು ಫಾರ್ಮ್ಯಾಟ್ ಮಾಡಿದೆವು. ಒಂಬತ್ತು ದಿನ. ಪೀಣ್ಯದಲ್ಲಿ ಡೆಲಿವರಿ ಚಲನ್‌ಗಳನ್ನು ಕಾರ್ಬನ್ ಹಾಳೆ ಇಟ್ಟು ಕೈಯಲ್ಲಿ ಬರೆದರು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಹಾಗೆ, ಈಗ ಮಾಡಿರುವುದನ್ನು ಹೇಳುತ್ತೇನೆ. ಪ್ರತಿ ಜಾಗದಲ್ಲೂ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಆರ್‌ಸಿಸ್‌ಲಾಗ್ ಎಂಬ ಲಾಗ್ ತಂತ್ರಾಂಶ ಹಾಕಿದ್ದೇವೆ. ಫೈರ್‌ವಾಲ್, ಸ್ವಿಚ್‌ಗಳು ಅದಕ್ಕೆ ಮಾತ್ರ ಕಳಿಸುತ್ತವೆ, ಯುಡಿಪಿ ಆ ಕಟ್ಟಡ ದಾಟುವುದಿಲ್ಲ. ಅಲ್ಲಿಂದ ಹೆಡ್ಡಾಫೀಸಿಗೆ ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಯಲ್ಲಿ ಕಳಿಸುವ ವಿಧಾನ), ಪೋರ್ಟ್ 6514. ಐಪಿ ಬದಲಾದರೂ ಸರ್ಟಿಫಿಕೇಟ್ (ಯಂತ್ರದ ಗುರುತಿನ ಚೀಟಿ) ನೋಡಿ ಒಳಗೆ ಬಿಡುತ್ತದೆ, “ಎನಿ” ಎಂಬ ಮಾತಿಗೆ ಇನ್ನು ಹೆದರಬೇಕಿಲ್ಲ. ಇಲ್ಲೊಂದು ಹೊಂಡ ಇದೆ. ಅನೇಕ ಮಾದರಿ ಸೆಟ್ಟಿಂಗ್‌ಗಳಲ್ಲಿ ದೃಢೀಕರಣ “ಅನಾನ್” ಎಂದಿರುತ್ತದೆ. ಆಗ ಗೂಢಲಿಪಿ ಆಗುತ್ತದೆ, ಆದರೆ ಆ ತುದಿಯಲ್ಲಿ ಯಾರಿದ್ದಾರೆಂದು ಯಾರೂ ಕೇಳುವುದಿಲ್ಲ. “ಎಕ್ಸ್509/ನೇಮ್” ಹಾಕಿ, ಎರಡೂ ಕಡೆ ಸರ್ಟಿಫಿಕೇಟ್ ಇಡಿ.

ಲೈನು ಹೋದಾಗ ಸಾಲುಗಳು ಡಿಸ್ಕ್‌ನಲ್ಲಿ ಕಾಯಬೇಕು. ಆರ್‌ಸಿಸ್‌ಲಾಗ್ ತಾನಾಗಿ ಹಾಗೆ ಮಾಡುವುದಿಲ್ಲ. ಸಾಲುಗಳು ಕಾಯುವ ಜಾಗಕ್ಕೆ, ಅಂದರೆ ಕ್ಯೂಗೆ, ಫೈಲ್ ಹೆಸರು ಕೊಡಬೇಕು, ಮರುಪ್ರಯತ್ನದ ಸಂಖ್ಯೆಯನ್ನು ಮೈನಸ್ 1 (ತಲುಪುವವರೆಗೂ ಬಿಡಬೇಡ) ಮಾಡಬೇಕು. ನಾವು ಮುಟ್ಟದಿದ್ದರೆ ಅದು ಸೊನ್ನೆ, ಅಂದರೆ ತಲುಪದಿದ್ದರೆ ಚೆಲ್ಲಿಬಿಡು ಎಂದರ್ಥ. ತಲುಪಿದ್ದನ್ನು ಖಚಿತಪಡಿಸಿಕೊಳ್ಳುವ ಟಿಸಿಪಿ ವಿಧಾನವೊಂದೇ ಸಾಕು ಎಂದುಕೊಂಡವರಿಗೂ ಒಂದು ಮಾತು: ಸಂಪರ್ಕ ಕಡಿದ ಗಳಿಗೆಯಲ್ಲಿ ಬಫರ್‌ನಲ್ಲಿ (ಕಳಿಸುವ ಮುಂಚಿನ ತಾತ್ಕಾಲಿಕ ಜಾಗ) ಇದ್ದ ಸಾಲುಗಳು ಹೋಗುತ್ತವೆ. ಅದೂ ಹೋಗಬಾರದು ಎಂದರೆ ಆರ್‌ಇಎಲ್‌ಪಿ ಎಂಬ ವಿಧಾನ ನೋಡಿ, ಅದರಲ್ಲಿ ಪ್ರತಿ ಸಂದೇಶಕ್ಕೂ ಸ್ವೀಕೃತಿ ಬರುತ್ತದೆ.

ಲಾಗ್‌ಗಳ ಎರಡನೆಯ ಪ್ರತಿ ಬೇರೆ ಜಾಗದಲ್ಲಿ, ಬೇರೆ ಪಾಸ್‌ವರ್ಡ್‌ನಲ್ಲಿದೆ; ಲಾಗ್ ಸರ್ವರ್ ಅಲ್ಲಿ ಬರೆಯಬಲ್ಲದು, ಅಳಿಸಲಾರದು. ಪ್ರತಿ ರಾತ್ರಿ ಆ ದಿನದ ಕಡತಕ್ಕೆ ಎಸ್‌ಎಚ್‌ಎ-256 ಹ್ಯಾಶ್ (ಒಂದಕ್ಷರ ತಿದ್ದಿದರೂ ಬದಲಾಗುವ, ಕಡತದ ಬೆರಳಚ್ಚಿನಂಥದ್ದು) ತೆಗೆದಿಡುತ್ತೇವೆ. ಇದನ್ನು ಹೇಳಿದ್ದು ನಮ್ಮ ವಕೀಲರು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಕಂಪ್ಯೂಟರ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗಿನ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸಬೇಕಂತೆ, ಕೇಳಿದ ದಿನ ಹೊಸದಾಗಿ ತೆಗೆದುಕೊಟ್ಟರೆ ಎದುರಿನವರು ಪ್ರಶ್ನೆ ಎತ್ತುತ್ತಾರಂತೆ.

ಯಾವ ಜಾಗದಿಂದಾದರೂ ಹದಿನೈದು ನಿಮಿಷ ಸಾಲು ಬರದಿದ್ದರೆ ನನ್ನ ಮೊಬೈಲ್ ಕೂಗುತ್ತದೆ. ಸುಮ್ಮನಿದ್ದರೂ ಐದು ನಿಮಿಷಕ್ಕೊಮ್ಮೆ “ಇದ್ದೇನೆ” ಎಂದು ಒಂದು ಸಾಲು ಕಳಿಸುವಂತೆ ಮಾಡಿದ್ದೇವೆ. ಮೊದಲ ಸಲ ಅದು ಕೂಗಿದ್ದು ಹೊಸಕೋಟೆಯ ಸರ್ಟಿಫಿಕೇಟ್ ಅವಧಿ ಮುಗಿದಾಗ, ಭಾನುವಾರ ಬೆಳಿಗ್ಗೆ, ದೋಸೆ ತಟ್ಟೆಗೆ ಬಂದಿತ್ತಷ್ಟೆ. ಡಿಸ್ಕ್‌ನಲ್ಲಿ ಕಾದಿದ್ದ ಸಾಲುಗಳು ಹೊಸ ಸರ್ಟಿಫಿಕೇಟ್ ಹಾಕಿದ ಮೇಲೆ ಒಂದೂ ಬಿಡದೆ ಬಂದವು.

ಮೊನ್ನೆ ಅದೇ ವೆಂಡರ್ ಹೊಸ ಬ್ರೋಷರ್ ಹಿಡಿದು ಬಂದಿದ್ದ. ಮೂರು ಕೇಳಿದೆ: ಲೈನು ಎರಡು ಗಂಟೆ ಹೋದರೆ ಆ ಎರಡು ಗಂಟೆಯ ಲಾಗ್ ಎಲ್ಲಿರುತ್ತದೆ, ಡಿಸ್ಕ್ ತುಂಬಿದರೆ ಮೊದಲು ಏನು ಅಳಿಯುತ್ತದೆ, ಒಂದು ಜಾಗ ಸುಮ್ಮನಾದರೆ ಯಾರಿಗೆ ಗೊತ್ತಾಗುತ್ತದೆ. “ಟೆಕ್ನಿಕಲ್ ಟೀಮ್‌ನ ಕೇಳಿ ಹೇಳ್ತೀನಿ ಸಾರ್” ಅಂದು ಕಾಫಿ ಕುಡಿದು ಹೋದ. ಪೀಣ್ಯದ ಆಪರೇಟರ್ ಮಾತ್ರ ಈಗಲೂ ನನ್ನನ್ನು ಕಂಡರೆ ಆ ಕಡೆಯ ಮೆಟ್ಟಿಲಿಂದ ಇಳಿಯುತ್ತಾರೆ.